ನಮ್ಮ ಪ್ರಾಜೆಕ್ಟಿನ ಅತಿ ಹಸಿರು ಜಾಗ

ಜಿಯೋಇನ್ಫರ್ಮ್ಯಾಟಿಕ್ಸ್ ಎಂದರೆ ನನಗೆ ಮೊದಲು ನೆನಪಾಗುವುದು ಉಪಗ್ರಹವಲ್ಲ, ನಕ್ಷೆಯೂ ಅಲ್ಲ, ಸಾಕ್ಸಿನ ನಾತ. ನಮ್ಮ ಲ್ಯಾಬಿನೊಳಕ್ಕೆ ಪಾದರಕ್ಷೆ ಹಾಕಿಕೊಂಡು ಹೋಗುವಂತಿರಲಿಲ್ಲ, ಕಂಪ್ಯೂಟರಿಗೆ ಧೂಳಾಗುತ್ತದೆ ಎಂದು. ಎಂ.ಎಸ್ಸಿ. ಓದುವ ಹುಡುಗರೆಲ್ಲ ಬಾಗಿಲಲ್ಲಿ ಬೂಟು ಕಳಚಿ, ಎಂದೋ ಒಗೆದ ಸಾಕ್ಸಿನಲ್ಲಿ ಒಳಗೆ ಬರುತ್ತಿದ್ದರು. ಎ.ಸಿ. ಇರುವ ಕೋಣೆ, ಕಿಟಕಿ ತೆಗೆದರೆ ಅಟೆಂಡರ್ ಬೈಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಆ ಗಾಳಿಯನ್ನು ಚಾಕುವಿನಿಂದ ಕೊಯ್ದು ತಟ್ಟೆಗೆ ಹಾಕಬಹುದು ಎನಿಸುತ್ತಿತ್ತು. ನಾನು ಯುಡಿಕೊಲೋನ್ ಹನಿಸಿದ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಕೂರುತ್ತಿದ್ದೆ.

"ಆಂಟೀ, ಮತ್ತೆ ನೆಗಡೀನಾ?" ಎಂದು ಹುಡುಗರು ಪ್ರೀತಿಯಿಂದಲೇ ಕೇಳುತ್ತಿದ್ದರು.

"ಅಲ್ಲ ಡಿಯರ್, ನಿಮ್ಮ ಕಾಲು," ಎಂದು ಹೇಳುವಷ್ಟು ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಆ ವಯಸ್ಸಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಕೇಳಿದವರು ಬಹಳ. ಜೀವನವೆಲ್ಲ ಹೈದರಾಬಾದಿನ ಒಂದು ಕಾನ್ವೆಂಟಿನಲ್ಲಿ ಭೂಗೋಳ ಕಲಿಸಿದವಳು ನಾನು. ರಿಟೈರ್ ಆದ ಮೇಲೆ ಮಿಯಾಪುರದಲ್ಲಿ, ಮೆಟ್ರೋ ಮುಗಿಯುವ ಕಡೆ, ಒಂದು ಫ್ಲ್ಯಾಟು ತೆಗೆದುಕೊಂಡೆ. ಕಿಟ್ಟಿ ಪಾರ್ಟಿ ನನಗೆ ಒಗ್ಗಲಿಲ್ಲ. ಬೆಳಗ್ಗೆ ಎದ್ದು ಕಾರಣವಿಲ್ಲದೆ ಗುಂಪಾಗಿ ನಗುವ ಕ್ಲಬ್ಬಂತೂ ನೋಡಿದರೇ ಮೈಯೆಲ್ಲ ಮುಜುಗರ. ಕೈಯಲ್ಲಿನ ಫೋನು ನಾನು ನಿಂತ ಬೀದಿಯನ್ನೇ ನನಗೆ ತೋರಿಸುವುದು ಮಾತ್ರ ಆಶ್ಚರ್ಯವಾಗಿತ್ತು. ಈಗ ನಕ್ಷೆಯನ್ನು ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ ಎಂದು ತಿಳಿಯುವ ಆಸೆಯಾಯಿತು. ವಯಸ್ಸಿನ ಮಿತಿ ಇರಲಿಲ್ಲ. ಹಳೆಯ ಡಿಗ್ರಿ ತೋರಿಸಿ ಸೇರಿಬಿಟ್ಟೆ.

ಹುಡುಗಿಯಾಗಿದ್ದಾಗ ಅದೇ ಕಾನ್ವೆಂಟಿನಲ್ಲಿ ನಾನು ಕಲಿತ ನಕ್ಷೆಯೇ ಬೇರೆ. ನಮ್ಮ ಜಿಯಾಗ್ರಫಿ ಸಿಸ್ಟರ್ ನೀಲಿ ಪೆನ್ಸಿಲಿನ ಪುಡಿಯನ್ನು ಹತ್ತಿಯಲ್ಲಿ ಅದ್ದಿ, ದಡದಿಂದ ಒಳಕ್ಕೆ ಮೆಲ್ಲಗೆ ಉಜ್ಜಿ ನೀರು ಮೂಡಿಸುವುದನ್ನು ಕಲಿಸಿದ್ದರು. ನೀರನ್ನು ಬರೆಯುವ ಮೊದಲು ನೀರನ್ನು ನೋಡಿ ಬರಬೇಕೆಂದು, ಒಂದು ದಿನ ಸ್ಕೂಲ್ ಬಸ್ಸಿನಲ್ಲಿ ಊರಾಚೆಯ ಒಂದು ಕೆರೆಗೆ ಕರೆದೊಯ್ದಿದ್ದರು. ಆಗ ಈ ಕಡೆಯಲ್ಲಿ ಇದ್ದದ್ದು ಬಂಡೆ, ಸೀತಾಫಲದ ಗಿಡ, ದೂರದಲ್ಲೊಂದು ಎಮ್ಮೆ. ಸುಲ್ತಾನ್ ಬಜಾರಿನಲ್ಲಿ ಅವ್ವ ಕೊಡಿಸಿದ್ದ ಹೊಸ ಬಿಳಿ ಸಾಕ್ಸನ್ನು ಬೂಟಿನೊಳಗೆ ತುರುಕಿ ನಾವೆಲ್ಲ ನೀರಿನಲ್ಲಿ ಕಾಲು ಇಳಿಬಿಟ್ಟು ಚಟ್ನಿ ಸ್ಯಾಂಡ್‌ವಿಚ್ ತಿಂದೆವು. ನೀರಿನಡಿಯಲ್ಲಿ ಕಾಲಿನ ಬೆರಳು ಕಾಣುತ್ತಿತ್ತು. ಸಣ್ಣ ಮೀನು ಬಂದು ಹಿಮ್ಮಡಿಯನ್ನು ಮುಟ್ಟಿ ಓಡಿಹೋಗುತ್ತಿತ್ತು. ಮರುದಿನ ಅದೇ ಕೆರೆಯನ್ನು ಎಲ್ಲರೂ ಬರೆದೆವು. ನನ್ನದಕ್ಕೆ ಸಿಸ್ಟರ್ "ವೆರಿ ಫೇರ್" ಎಂದು ಬರೆದಿದ್ದರು. ಇರಲಿ.

ಈಗಿನ ಕೆಲಸ ಹೀಗೆ. ಉಪಗ್ರಹದಿಂದ ಊರಿನ ಚಿತ್ರ ಬರುತ್ತದೆ. ಕಂಪ್ಯೂಟರಿಗೆ ನಾವು ಅಲ್ಲಲ್ಲಿ ಮಾದರಿ ತೋರಿಸಬೇಕು: ಇದು ನೀರು, ಇದು ಕಟ್ಟಡ, ಇದು ಹುಲ್ಲು. ಆ ಮಾದರಿ ನೋಡಿಕೊಂಡು ಅದು ಉಳಿದ ಊರಿಗೆಲ್ಲ ತಾನೇ ಬಣ್ಣ ಹಚ್ಚುತ್ತದೆ. ಮಾದರಿ ಸರಿಯಿದೆಯೇ ಎಂದು ಆ ಜಾಗಕ್ಕೇ ಹೋಗಿ ನೋಡಿ ಬರುವುದಕ್ಕೆ ಗ್ರೌಂಡ್ ಟ್ರುತ್ ಎನ್ನುತ್ತಾರೆ. ಹೀಗೆ ತಯಾರಾದ ನಕ್ಷೆ ಒಂದು ಲೇಯರ್ ಆಗಿ, ಎಂದರೆ ಒಂದು ಪದರವಾಗಿ, ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ಪೋರ್ಟಲ್ಲಿಗೆ ಹೋಗುತ್ತದೆ. ಪೈಪು ಹಾಕುವವರು, ರಸ್ತೆ ಮಾಡುವವರು, ಪಾರ್ಕು ಮಾಡುವವರು ಎಲ್ಲರೂ ಅಲ್ಲಿಂದಲೇ ಎತ್ತಿಕೊಂಡು ಅದರ ಮೇಲೆ ತಮ್ಮ ತಮ್ಮ ಗೆರೆ ಎಳೆಯಬೇಕು. ಸ್ಪೇಷಿಯಲ್ ಡೇಟಾ ಇನ್‌ಫ್ರಾಸ್ಟ್ರಕ್ಚರ್ ಎಂದು ಒಂದು ಇಡೀ ಪೇಪರು ಓದಿದ್ದು ಇದನ್ನೇ. ಮನೆಮಂದಿಗೆಲ್ಲ ಒಂದೇ ಪಾತ್ರೆಯ ಹಿಟ್ಟು. ಅದರಲ್ಲಿ ಹಲ್ಲಿ ಬಿದ್ದಿದ್ದರೆ ಎಲ್ಲರ ದೋಸೆಯಲ್ಲೂ ಹಲ್ಲಿ.

ಹಲ್ಲಿ ಬಿದ್ದೇ ಇತ್ತು. ನಮ್ಮಲ್ಲಿ ಮಾದರಿಗಳನ್ನು ಯಾರೂ ಹೊಸದಾಗಿ ಆರಿಸುತ್ತಿರಲಿಲ್ಲ. ಒಂದು ಬ್ಯಾಚಿನವರು ಇನ್ನೊಂದು ಬ್ಯಾಚಿಗೆ ಪೆನ್‌ಡ್ರೈವಿನಲ್ಲಿ ಕೊಟ್ಟು ಹೋಗುವ ವಾಡಿಕೆ, ಹಾಸ್ಟೆಲಿನಲ್ಲಿ ಹಳೇ ಬಕೆಟ್ಟು ಕೊಟ್ಟು ಹೋಗುವ ಹಾಗೆ. ಅದಕ್ಕೆ "ಸೀನಿಯರ್ ಡೇಟಾ" ಎಂದು ಹೆಸರು. "ಫೀಲ್ಡ್ ವೆರಿಫೈಡ್" ಎಂಬ ಮಾತೂ ಅದರ ಜೊತೆಗೇ ಬರುತ್ತಿತ್ತು. ಯಾರು ಹೋಗಿದ್ದರು, ಯಾವಾಗ ಹೋಗಿದ್ದರು ಎಂದು ನಾನು ಒಮ್ಮೆ ಕ್ಲಾಸಿನಲ್ಲಿ ಕೇಳಿದಾಗ ಎಲ್ಲರೂ ನಕ್ಕರು. ಗೈಡ್ ಸರ್ ಕೂಡ ನಕ್ಕರು. ನಮ್ಮ ಪ್ರಾಜೆಕ್ಟಿನ ಮೇಷ್ಟ್ರು ಅವರೇ. ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದು, ಅದೇ ಬೆರಳಿನಲ್ಲಿ ನಮ್ಮ ಮೌಸು ಹಿಡಿದು ತಪ್ಪು ತಿದ್ದುತ್ತಿದ್ದರು. ಅವರು ಎದ್ದು ಹೋದ ಮೇಲೆ ಆ ಮೌಸು ಅಂಟಂಟು. ಛೀ! ಅದನ್ನು ಮುಟ್ಟುವ ಮುಂಚೆ ನಾನು ಟಿಶ್ಯೂ ಸುತ್ತುತ್ತಿದ್ದೆ.

ಕಂಪ್ಯೂಟರು ಕಡಿಮೆಯಿದ್ದುದರಿಂದ ಪ್ರಾಜೆಕ್ಟು ಇಬ್ಬಿಬ್ಬರಿಗೆ ಒಂದು. ನನ್ನ ಜೊತೆ ಬಿದ್ದವಳು ರಾಯಚೂರು ಕಡೆಯ ಒಬ್ಬ ಹುಡುಗಿ. ಮೊದಲು "ಮೇಡಮ್ಮಾರ" ಎನ್ನುತ್ತಿದ್ದವಳು ನನ್ನ ಬಾಯಲ್ಲೂ ಆ ಕಡೆಯ ಕನ್ನಡ ಕೇಳಿದ ಮೇಲೆ "ಆಯಿ" ಎನ್ನತೊಡಗಿದಳು. ನಮ್ಮ ಕಡೆ ಅಜ್ಜಿಗೆ ಹಾಗೆ ಕರೆಯುತ್ತಾರೆ. ಅವಳ ಬೆರಳು ಕೀಬೋರ್ಡಿನ ಮೇಲೆ ಓಡುವುದನ್ನು ನೋಡುವುದೇ ಒಂದು ಸುಖ. ಇಡೀ ಬ್ಯಾಚಿನಲ್ಲಿ ಅವಳೊಬ್ಬಳು ಸಾಕ್ಸ್ ಹಾಕುತ್ತಿರಲಿಲ್ಲ. ಚಪ್ಪಲಿ ಕಳಚಿ, ಗೋಡೆಗೆ ಜೋಡಿಸಿಟ್ಟು, ತೊಳೆದ ಪಾದದಲ್ಲಿ ಒಳಗೆ ಬರುತ್ತಿದ್ದಳು. ನಕ್ಷೆ ಮಾಡುವ ಒಂದು ಕಂಪನಿಯಲ್ಲಿ ಅವಳಿಗೆ ಆಗಲೇ ಕೆಲಸ ಗೊತ್ತಾಗಿತ್ತು. ವೈವಾ ಮುಗಿದು ಪಾಸಾದ ಕಾಗದ ತಂದುಕೊಟ್ಟರೆ ಸೇರಿಸಿಕೊಳ್ಳುತ್ತಾರೆ, ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ನಮ್ಮ ವಿಷಯ, ನಗರದ ಹಸಿರು. ನಕ್ಷೆ ಮುಗಿದ ದಿನ ಗೈಡ್ ಸರ್ ಪರದೆಯ ಮೇಲೆ ಬಗ್ಗಿ, "ಸೂಪರ್ ಅಂಡಿ!" ಎಂದು ಕೂಗಿದರು. ಊರಿಗೆಲ್ಲ ಅತಿ ಹಸಿರಾದ ಒಂದು ಜಾಗ ಪಚ್ಚೆಯಂತೆ ಹೊಳೆಯುತ್ತಿತ್ತು. ಕಂಪ್ಯೂಟರು ಅದನ್ನು ಹುಲ್ಲುಗಾವಲು ಎಂದಿತ್ತು. ವೈವಾದ ಪೋಸ್ಟರಿನ ನಡುವೆ ಅದನ್ನೇ ಹಾಕಿ, ಕೆಳಗೆ "ಗ್ರೀನ್ ಲಂಗ್", ಊರಿನ ಹಸಿರು ಶ್ವಾಸಕೋಶ, ಎಂದು ಬರೆಯಿರಿ ಎಂದರು.

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಮೆಟ್ರೋ ನಿಲ್ದಾಣ, ಅಲ್ಲಿಂದ ನಮ್ಮ ಅಪಾರ್ಟ್‌ಮೆಂಟಿನ ಕಡೆಗೆ ತಿರುಗುವ ರಸ್ತೆ, ಅದರ ಹಿಂದೆ ಈ ಪಚ್ಚೆ. ದಿನಾ ಸಂಜೆ ನಾನು ಕಿಟಕಿ ಮುಚ್ಚುವುದು ಈ ಜಾಗದ ದೆಸೆಯಿಂದ. ಅದು ಕೆರೆ. ಸಿಸ್ಟರ್ ನಮ್ಮನ್ನು ಕರೆದೊಯ್ದಿದ್ದ ಅದೇ ಕೆರೆ. ಈಗ ಸುತ್ತಲಿನ ಕಟ್ಟಡಗಳ ಕಕ್ಕಸು ನೀರೆಲ್ಲ ಅಲ್ಲಿಗೇ ಬೀಳುತ್ತದೆ. ಆ ಕೊಳಚೆ ಕುಡಿದು ಅಂತರಗಂಗೆ ಒಂದಂಗುಲ ನೀರು ಕಾಣದಂತೆ ಕೊಬ್ಬಿ ಹಬ್ಬಿದೆ. ತೆಲುಗಿನವರು ಆ ಕಳೆಗೆ ಗುರ್ರಪು ಡೆಕ್ಕ ಎನ್ನುತ್ತಾರೆ, ಕುದುರೆಯ ಗೊರಸು ಎಂದು. ಹೊಲಸು ಹೆಚ್ಚಿದಷ್ಟೂ ಎಲೆ ದಪ್ಪ, ಎಲೆ ದಪ್ಪವಾದಷ್ಟೂ ಉಪಗ್ರಹಕ್ಕೆ ಹಸಿರು. ನಗರದ ಅತ್ಯಂತ ಗಲೀಜು ನೀರಿಗೆ ನಮ್ಮ ಪ್ರಾಜೆಕ್ಟು ಫಸ್ಟ್ ಪ್ರೈಜ್ ಕೊಟ್ಟಿತ್ತು.

ಗೈಡ್ ಸರ್ ಹತ್ತಿರ ಹೋಗಿ ಹೇಳಿದೆ. ಅವರು ಬಿಸ್ಕತ್ತು ಅದ್ದುತ್ತಲೇ, "ಮೇಡಂ, ಸ್ಯಾಟಿಲೈಟ್ ಅಬದ್ಧಂ ಚೆಪ್ಪದು," ಎಂದರು, ಉಪಗ್ರಹ ಸುಳ್ಳು ಹೇಳುವುದಿಲ್ಲ ಎಂದು. "ಆ ಜಾಗದ ಹಳೇ ಲೇಯರ್ ಪೋರ್ಟಲ್ಲಿನಲ್ಲಿ ಇರೋದು ನನ್ನ ಹೆಸರಲ್ಲಿ. ಅದು ಗಾರ್ಡನ್ ಅಂತಾನೇ ಇದೆ. ನೀವು ಹಾಯಾಗಿ ಡಿಗ್ರಿ ತಗೊಳ್ಳಿ."

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಹುಡುಗಿ ನನ್ನ ಪಕ್ಕ ಬಂದು ಕೂತಳು.

"ಆಯಿ, ಅದು ಕೆರಿ ಅಂತ ನನಗೂ ಗೊತ್ತೈತ್ರಿ."

"ನಿನಗ ಹ್ಯಾಂಗ ಗೊತ್ತು?"

"ನಮ್ಮವ್ವ, ಅಪ್ಪ ಅದರ ದಂಡಿಮ್ಯಾಗ ಇದ್ದಾರ್ರಿ. ಬಿಲ್ಡಿಂಗ್ ಕಟ್ಟಾಕತ್ತಾರಲ್ಲ, ಆ ಸೈಟಿನ ತಗಡಿನ ಶೆಡ್ಡಿನ್ಯಾಗ. ಉಣ್ಣಾಕ ಕುಂತ್ರ ವಾಸನಿ, ಮಲಗಿದ್ರ ಸೊಳ್ಳಿ. ಅವ್ವಗ ವರ್ಷಪೂರ್ತಿ ಕೆಮ್ಮ."

"ಗೊತ್ತಿದ್ದೂ ಸುಮ್ಮನಿದ್ದೀಯಲ್ಲ ಹುಡುಗಿ!"

"ಹೇಳಿದ್ರ ಏನ್ ಆಕ್ಕೈತಿ? ಸ್ಯಾಂಪಲ್ ಎಲ್ಲಾ ತಗದು ಮೊದಲಿಂದ ಮಾಡ್ರಿ ಅಂತಾರ. ಇನ್ನೊಂದ್ ಸೆಮಿಸ್ಟರ್. ಅಲ್ಲೀತನ ಕಂಪನಿಯಾವ್ರು ನನ್ನ ದಾರಿ ಕಾಯ್ತಾರೇನ್ರಿ? ನೌಕರಿ ಹತ್ತಿದ್ರ ಸನತ್‌ನಗರದಾಗ ಒಂದ್ ಖೋಲಿ ಹಿಡದು ಅವರನ್ನ ಆ ನಾತದಾಗಿಂದ ಹೊರಗ ತರ್ತೀನಿ." ಚಪ್ಪಲಿಯ ಪಟ್ಟಿ ಬಿಗಿದು ಎದ್ದು ನಿಂತು ಹೇಳಿದಳು: "ನಿಮಗೇನ್ರಿ ಆಯಿ, ನೀವು ಡಿಗ್ರಿ ಒಯ್ದು ಶೋಕೇಸಿನ್ಯಾಗ ಗೊಂಬಿ ಬಾಜೂಕ ಇಡಾವ್ರು. ವೈವಾದಾಗ ಬಾಯಿ ಬಿಡಬ್ಯಾಡ್ರಿ. ಕೈ ಮುಗೀತೀನಿ."

ಅವಳ ಮಾತು ಸರಿಯಾಗಿಯೇ ಇತ್ತು. ನನ್ನ ಮನೆಯಲ್ಲಿ ಶೋಕೇಸೂ ಇದೆ, ಅದರಲ್ಲಿ ಗೊಂಬೆಗಳೂ ಇವೆ. ನಾನಾಗಿ ಏನೂ ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ.

ವೈವಾಕ್ಕೆ ಬೇರೆ ರಾಜ್ಯದಿಂದ ಒಬ್ಬ ಪರೀಕ್ಷಕರು ಬಂದರು. ಡಿಪಾರ್ಟ್‌ಮೆಂಟು ತರಿಸಿದ್ದ ಬಿರಿಯಾನಿ ಊಟ ಮಾಡಿ, ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ನಮ್ಮ ಪೋಸ್ಟರಿನ ಮುಂದೆ ನಿಂತರು. ಹುಡುಗಿ ಎಲ್ಲ ಪ್ರಶ್ನೆಗೂ ಪಟಪಟನೆ ಉತ್ತರಿಸಿದಳು. ಕೊನೆಗೆ ಅವರು ಆ ಪಚ್ಚೆಯ ಮೇಲೆ ಎಣ್ಣೆಯ ಬೆರಳಿಟ್ಟು, ನನ್ನ ಕಡೆಗೇ ತಿರುಗಿ, "ಲವ್ಲಿ! ಇದು ಯಾವ ಪಾರ್ಕು, ಮೇಡಂ?" ಎಂದರು.

ಯಾರಾದರೂ ಸೀದಾ ಕಣ್ಣು ನೋಡಿ ಕೇಳಿದರೆ ನನ್ನ ಬಾಯಿಗೆ ಸುಳ್ಳು ಬರುವುದಿಲ್ಲ. ಸಿಸ್ಟರ್‌ಗಳು ಹಾಗೆ ಬೆಳೆಸಿಬಿಟ್ಟರು, ಏನು ಮಾಡಲಿ. "ಪಾರ್ಕಲ್ಲ ಸರ್, ಕೆರೆ. ಮೇಲಿರುವುದು ಕಳೆ. ನನ್ನ ಮನೆ ಅಲ್ಲೇ ಇದೆ," ಎಂದೆ. ಹುಡುಗಿ ಕಣ್ಣು ಮುಚ್ಚಿಕೊಂಡಳು.

ಗೈಡ್ ಸರ್ ದೊಡ್ಡದಾಗಿ ನಕ್ಕರು. "ಮೇಡಂ ಹಳೇ ಕಾಲದವರು ಸರ್. ಇಡೀ ಹೈದರಾಬಾದ್ ಅವರಿಗೆ ಕೆರೆಯಾಗಿಯೇ ಕಾಣುತ್ತೆ."

ಪರೀಕ್ಷಕರು ಗಡಿಯಾರ ನೋಡಿಕೊಂಡರು. ಅವರ ರೈಲು ಇದ್ದದ್ದು ಲಿಂಗಂಪಲ್ಲಿಯಿಂದ. "ದಾರಿಯಲ್ಲೇ ಅಲ್ಲವೇ? ಒಂದು ನಿಮಿಷ ನೋಡಿಕೊಂಡು ಹೋಗೋಣ. ಆಮೇಲೆ ಸೈನ್ ಮಾಡುತ್ತೇನೆ," ಎಂದರು.

ಗೈಡ್ ಸರ್ ಅವರ ಹೊಸ ಕಾರು. ಮುಂದೆ ಅವರಿಬ್ಬರು, ಹಿಂದೆ ನಾವಿಬ್ಬರು. ಮಲ್ಲಿಗೆ ವಾಸನೆಯ ಡಬ್ಬಿ, ಬಿರಿಯಾನಿಯ ತೇಗು, ಸೀಟಿನ ಮೇಲಿನ್ನೂ ತೆಗೆಯದ ಪ್ಲಾಸ್ಟಿಕ್ಕು. ಹುಡುಗಿ ನನ್ನ ಮೈಗೆ ಮೈ ತಾಗದಂತೆ ಬಾಗಿಲಿಗೆ ಒತ್ತಿಕೊಂಡು ಕೂತಿದ್ದಳು. "ಸಾರಿ, ಡಿಯರ್," ಎಂದು ಪಿಸುಗುಟ್ಟಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕೆರೆಯ ಏರಿಯ ಮೇಲೆ ಕಾರು ನಿಂತಿತು. ಯಾರೂ ಇಳಿಯಲಿಲ್ಲ. ಪರೀಕ್ಷಕರು ಗಾಜನ್ನು ಒಂದಿಷ್ಟು ಇಳಿಸಿದರು, ಒಂದು ಉಸಿರು ಎಳೆದರು, "ಓಹ್ ಮೈ ಗಾಡ್" ಎಂದು ಸರ್ರನೆ ಏರಿಸಿದರು. ಆಮೇಲೆ ಮುಚ್ಚಿದ ಗಾಜಿನ ಆಚೆ ನೋಡುತ್ತ, "ಆದರೆ ಹಸಿರಂತೂ ಹಸಿರೇ ಇದೆ," ಎಂದರು.

"ಫುಲ್ ಗ್ರೀನ್ ಸರ್," ಎಂದರು ಗೈಡ್ ಸರ್.

ಅಲ್ಲಿಗೆ ಮುಗಿಯಿತು. ಆಕಾಶದಲ್ಲಿರುವ ಯಂತ್ರ ಏನು ಕಂಡಿತ್ತೋ ಎ.ಸಿ. ಕಾರಿನಲ್ಲಿ ಕೂತವರೂ ಅಷ್ಟನ್ನೇ ಕಂಡರು. ಹುಡುಗಿ ಪಾಸಾಗುತ್ತಾಳೆ ಎಂದು ನನ್ನ ಎದೆ ಹಗುರವಾಯಿತು, ಅದೇ ಉಸಿರಿಗೆ ಹೇಸಿಗೆಯೂ ಆಯಿತು. ಅಷ್ಟರಲ್ಲಿ ಗೈಡ್ ಸರ್‌ಗೆ ಒಂದು ಯೋಚನೆ ಹೊಳೆಯಿತು. ಪೋರ್ಟಲ್ಲಿನಲ್ಲಿ ಒಂದೊಂದು ಜಾಗಕ್ಕೂ, ಅದರ ಮೇಲೆ ಒತ್ತಿದರೆ ತೆರೆದುಕೊಳ್ಳುವಂತೆ, ಒಂದು ಫೀಲ್ಡ್ ಫೋಟೋ ಹಾಕಲು ಅವಕಾಶವಿದೆ, ಹೇಗೂ ಬಂದಿದ್ದೇವೆ, ಹುಡುಗಿ ಆ ಹಸಿರಿನ ಮೇಲೆ ಕಾರಿನಲ್ಲಿದ್ದ ಜಿ.ಪಿ.ಎಸ್. ಯಂತ್ರ ಹಿಡಿದು ನಿಲ್ಲಲಿ.

"ಸರ್, ಅಲ್ಲಿ ನೀರು," ಎಂದಳು ಹುಡುಗಿ.

"ನೀಳ್ಳು ಎಕ್ಕಡಮ್ಮಾ? ವೆಳ್ಳು, ವೆಳ್ಳು," ಎಂದರು ಗೈಡ್ ಸರ್, ನೀರೆಲ್ಲಿ, ಹೋಗು ಹೋಗು ಎಂದು. "ಟ್ರೈನ್ ಟೈಮ್ ಆಗುತ್ತೆ."

ಅವಳು ಇಳಿದಳು. ಫೋನು ಹಿಡಿದು ನಾನೂ ಇಳಿದೆ. ಆ ನಾತ ಮುಖಕ್ಕೆ ಒದ್ದೆ ಬಟ್ಟೆ ಬಡಿದಂತೆ ಬಡಿಯಿತು. ಕೊಳೆತ ಮೊಟ್ಟೆ, ಸತ್ತ ಇಲಿ, ಕಕ್ಕಸು, ಎಲ್ಲ ಸೇರಿ. ಯುಡಿಕೊಲೋನು ಅದಕ್ಕೆ ಲೆಕ್ಕಕ್ಕೇ ಇಲ್ಲ. ಹುಡುಗಿ ಲ್ಯಾಬಿನ ಬಾಗಿಲಲ್ಲಿ ಮಾಡುವಂತೆಯೇ ಚಪ್ಪಲಿ ಕಳಚಿ, ಏರಿಯ ಕಲ್ಲಿಗೆ ಜೋಡಿಸಿ ಇಟ್ಟಳು.

"ಬ್ಯಾಡವ್ವಾ. ನಿನ್ನ ಕೆಲಸ ಆಗೈತಿ. ದಂಡಿಮ್ಯಾಗ ನಿಲ್ಲು, ಸಾಕು."

"ಸರ್ ಹಸರಿನ ಮ್ಯಾಲೆ ನಿಂದ್ರು ಅಂದಾರ್ರಿ ಆಯಿ. ನೀವು ಫೋಟೋ ತಗೀರಿ," ಎಂದಳು. ಅವಳ ದನಿಯಲ್ಲಿ ಅಳುವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

ಕಾಲಿಟ್ಟಳು. ಎಲೆಗಳು ಬದಿಗೆ ಸರಿದವು, ಕಾಲು ಮೊಣಕಾಲಿನವರೆಗೆ ಇಳಿಯಿತು. ಡಾಂಬರಿನಂಥ ನೀರು ಗುಳುಗುಳು ಎಂದು ಗುಳ್ಳೆಯೆಬ್ಬಿಸಿತು. ಯಾರದೋ ಮಗುವಿನ ಡೈಪರೊಂದು ತೇಲಿ ಬಂದು ಅವಳ ಚೂಡಿದಾರಕ್ಕೆ ಅಂಟಿಕೊಂಡಿತು. ಅವಳು ಜಿ.ಪಿ.ಎಸ್. ಅನ್ನು ಎದೆಯ ಮಟ್ಟಕ್ಕೆ ಹಿಡಿದು ನೇರ ನನ್ನನ್ನೇ ನೋಡಿದಳು. ಕ್ಲಿಕ್ಕಿಸಿದೆ.

ನಾನು ತಿರುಗಿದಾಗ ಪರೀಕ್ಷಕರು ತೊಡೆಯ ಮೇಲೆ ಫೈಲಿಟ್ಟುಕೊಂಡು ಸಹಿ ಮಾಡುತ್ತಿದ್ದರು. ಗಾಜು ಒಂದು ಬೆರಳು ಇಳಿಯಿತು. "ಕಂಗ್ರಾಟ್ಸ್, ಇಬ್ಬರೂ ಪಾಸ್," ಎಂದರು ಗೈಡ್ ಸರ್. ಹುಡುಗಿಯ ಕಾಲು ನೋಡಿ, "ಕಾರು ಹತ್ತಬೇಡಮ್ಮಾ, ಸೀಟು ಹೊಸದು. ಮೇಡಂ, ಆಟೋ ಸಿಗುತ್ತೆ," ಎಂದರು. ಗಾಜು ಏರಿತು. ಕಾರು ಹೋಯಿತು.

ಒಂದು ಆಟೋನೂ ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ನಿಲ್ಲಿಸಿದವನೊಬ್ಬ ಮೂಗು ಮುಚ್ಚಿಕೊಂಡು, "ನಕ್ಕೋ ಅಮ್ಮಾ, ಬೇಡ," ಎಂದು ಹೊರಟುಹೋದ. ನಡೆದುಕೊಂಡೇ ಅವರ ಶೆಡ್ಡಿಗೆ ಹೋದೆವು. ಅವಳ ತಾಯಿ ಡ್ರಮ್ಮಿನಿಂದ ಟ್ಯಾಂಕರ್ ನೀರು ಮೊಗೆದು ಮಗಳ ಕಾಲಿಗೆ ಹುಯ್ಯುತ್ತ ಬೈಯತೊಡಗಿದಳು.

"ಖೋಡಿ! ನಾಯಿ ಸೈತ ಇಳಿಯಂಗಿಲ್ಲ ಅದರಾಗ. ನೀ ಯಾಕ ಇಳದಿ?"

"ಪಾಸ್ ಆದ್ನೆವ್ವಾ."

"ಪಾಸ್ ಆಗಾಕ ಕೆರ್‍ಯಾಗ ಇಳೀಬೇಕೇನ? ಎಂಥಾ ಸಾಲೀನ ಅದು?" ಎಂದವಳು ನನ್ನ ಕಡೆ ತಿರುಗಿ, "ಹೌದೇನ್ರಿ ಅಮ್ಮಾರ?" ಎಂದು ಕೇಳಿದಳು. ಆಮೇಲೆ ಕೆಮ್ಮುತ್ತಲೇ ಸೋಪು ಹುಡುಕಲು ಒಳಗೆ ಹೋದಳು.

ಹುಡುಗಿ ಕಾಲು ಒರೆಸಿಕೊಳ್ಳುತ್ತ, ಕಾರು ಹತ್ತಿದಾಗಿನಿಂದ ಮೊದಲ ಸಲ ನನ್ನನ್ನು ನೋಡಿ ನಕ್ಕಳು. "ಆ ಫೋಟೋ ಕಳಸ್ರಿ ಆಯಿ."

ನೆನಪಿಗೆ ಇಟ್ಟುಕೊಳ್ಳಲಿಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡೆ. ಆದರೆ ನಮ್ಮ ಲೇಯರನ್ನು ಪೋರ್ಟಲ್ಲಿಗೆ ಏರಿಸುವ ಕೆಲಸವೂ ಅವಳದೇ ಆಗಿತ್ತು. ಮಾರನೆಯ ದಿನ ಆ ಪಚ್ಚೆಗೆ ಗೈಡ್ ಸರ್ ಹೇಳಿದಂತೆ ಗಾರ್ಡನ್ ಎಂದೇ ಬರೆದಳು. ಫೋಟೋದ ಜಾಗದಲ್ಲಿ ತನ್ನದನ್ನೇ ಹಾಕಿದಳು, ಮೊಣಕಾಲಿನವರೆಗೆ ಕಪ್ಪು ನೀರು, ಡೈಪರು, ಜಿ.ಪಿ.ಎಸ್., ಎಲ್ಲ ಇದ್ದದ್ದು ಇದ್ದಂತೆ.

"ಸರ್ ನೋಡಿದರೆ?" ಎಂದೆ.

"ಅವರು ಯಾವಾಗ ಏನ್ ನೋಡ್ಯಾರ್ರಿ?" ಎಂದಳು.

ಅವರು ಇಂದಿಗೂ ನೋಡಿಲ್ಲ. ಹುಡುಗಿ ಕೆಲಸಕ್ಕೆ ಸೇರಿದಳು. ಅವ್ವ, ಅಪ್ಪನನ್ನು ಸನತ್‌ನಗರದ ಒಂದು ಖೋಲಿಗೆ ಕರೆತಂದಳು. ಅಲ್ಲಿ ಕಾರ್ಖಾನೆಯ ಹೊಗೆ, ಆದರೂ ಅವ್ವನ ಕೆಮ್ಮು ಕಡಿಮೆಯಾಗಿದೆ ಎಂದು ಫೋನಿನಲ್ಲಿ ಹೇಳುತ್ತಾಳೆ. ಖಾಲಿಯಾದ ಶೆಡ್ಡಿಗೆ ಮತ್ತೊಂದು ಕುಟುಂಬ ಬಂದಿದೆ. ನನ್ನ ಡಿಗ್ರಿಯನ್ನು ಶೋಕೇಸಿನಲ್ಲಿ ಇಟ್ಟಿಲ್ಲ. ಕಪಾಟಿನಲ್ಲಿ ಚಾದರಗಳ ಕೆಳಗಿದೆ, ಅದರ ಮುಖ ನೋಡುವ ಮನಸ್ಸಿಲ್ಲ.

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಹೊಸದಾಗಿ ಬಂದ ಒಬ್ಬರು ಕೇಳಿದರು: ಪೋರ್ಟಲ್ಲಿನ ನಕ್ಷೆಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ಇಷ್ಟು ದೊಡ್ಡ ಪಾರ್ಕು ತೋರಿಸುತ್ತಿದೆಯಲ್ಲ, ವಾಕಿಂಗಿಗೆ ಗೇಟು ಯಾವ ಕಡೆ?

ಹಸಿರಿನ ಮೇಲೆ ಒಮ್ಮೆ ಒತ್ತಿ ನೋಡಿ ಎಂದು ಬರೆದೆ.

ಆಮೇಲೆ ಅವರಿಂದಲೇ ಒಂದು "ಛೀ" ಬಂತು. ಅದನ್ನು ಹುಡುಗಿಗೆ ಕಳಿಸಿ, ಎದ್ದು ಹೋಗಿ ಕಿಟಕಿ ಮುಚ್ಚಿದೆ.